ದೊಡ್ಡಪ್ಪನ ಹೆಸರು

ಹಿರಿಯೂರು
ಭಾನುವಾರ, ೧೬ ನವೆಂಬರ್ ೨೦೨೫

ತಮ್ಮ ಓಬಳೇಶನಿಗೆ ಅಕ್ಕ ಯಶೋಧಾಳ ಆಶೀರ್ವಾದ.

ಮೊದಲು, ನೀನು ಕೊಟ್ಟ ಮಾತು ಯಾವುದು, ಆಗಿದ್ದು ಯಾವುದು ಅಂತ ಬರೆದುಬಿಡುತ್ತೇನೆ. ತಾಲ್ಲೂಕು ಕಚೇರಿ ಎದುರಿನ ಅಂಗಡಿಯಲ್ಲಿ ಕೂತು ಊರವರ ಮನವಿ ಟೈಪು ಮಾಡಿ ಮಾಡಿ, ನನ್ನ ಕೈಗೆ ಕಾಗದ ಅಂದರೆ ಹೀಗೇ ಶುರುವಾಗುತ್ತದೆ.

ಕೊಟ್ಟ ಮಾತು: ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಕಲ್ಲು, ನೀರು, ಕಾಡುಪ್ರಾಣಿ ಕುರಿತ ಸಂಶೋಧನೆಯಲ್ಲಿ ಪ್ರಾಣಿಗಳ ಭಾಗ ನಿನ್ನದು, ಹಾಗಾಗಿ ನಮ್ಮ ಕುರಿ ಮೇಯುವ ಕರೇಗುಡ್ಡದ ಕಾವಲಿಗೆ, ಆ ಹುಲ್ಲುಗಾವಲಿಗೆ, ನೀನೇ ಬರುತ್ತೀಯ. ಆಗಿದ್ದು: ನೀನು ಬರಲಿಲ್ಲ. ನಿನ್ನ ಕೈಕೆಳಗೆ ಕೆಲಸ ಮಾಡುವ ಮೋನಿಕಾ ಅನ್ನುವ ಹುಡುಗಿಯನ್ನು ಕಳಿಸಿದೆ.

ಕೊಟ್ಟ ಮಾತು: ಕ್ಯಾಮೆರಾಗಳನ್ನು ಕಾವಲಿನ ಒಳಗೆ, ನೀರು ನಿಲ್ಲುವ ಕಲ್ಲುದೊಣೆಯ ಹತ್ತಿರ ಕಟ್ಟಿಸುತ್ತೀಯ. ಆಗಿದ್ದು: ಟಾರು ರಸ್ತೆ ಪಕ್ಕದ ಬೇವಿನ ಮರಕ್ಕೆ ಕಟ್ಟಿದರು. ಅದರಲ್ಲಿ ಸಿಕ್ಕಿದ್ದು ಶೇಂಗಾ ಲಾರಿ, ಊರನಾಯಿ, ಮತ್ತು ಚೊಂಬು ಹಿಡಿದು ಹೋಗುತ್ತಿದ್ದ ಮೂಡಲಗಿರಿಯಪ್ಪ ಮಾವ.

ಕೊಟ್ಟ ಮಾತು: ವರದಿಯನ್ನು ಹಟ್ಟಿಯಲ್ಲಿ ಕನ್ನಡದಲ್ಲಿ ಓದಿ ಹೇಳಿ, ತಪ್ಪಿದ್ದರೆ ತಿದ್ದಿ, ಆಮೇಲೆ ಸಹಿ ಹಾಕುತ್ತೀಯ. ಆಗಿದ್ದು: ಇಂಗ್ಲಿಷ್ ವರದಿಗೆ ಸಹಿ ಬಿದ್ದು ಮೇಲಕ್ಕೆ ಹೋಯಿತು. ಜವನಗೊಂಡನಹಳ್ಳಿ ಪಂಚಾಯಿತಿ ಗೋಡೆಗೆ ಕನ್ನಡದ ಸಾರಾಂಶ ಅಂತ ಎರಡು ಹಾಳೆ ಅಂಟಿಸಿದರು. ಅದರ ಮೇಲೆ ಆಗಲೇ ಯಾರೋ ಎಲೆಅಡಿಕೆ ಉಗುಳಿದ್ದರು.

ನಾವು ಕೇಳಿದ್ದು ಒಂದು ಸಾಲು: ಕಾವಲಿನಲ್ಲಿ ತೋಳ ಇದೆ. ನೀನು ಬರೆದದ್ದೂ ಒಂದೇ ಸಾಲು: ಕಾವಲಿನಲ್ಲಿ ತೋಳ ಇಲ್ಲ.

ಕ್ಷೇಮಸಮಾಚಾರ ಕೆಳಗೆ ಬಂತು, ಬೇಜಾರು ಮಾಡಿಕೊಳ್ಳಬೇಡ. ನಾನು, ಅವ್ವ ಇಬ್ಬರೂ ಇದ್ದೇವೆ. ‘ಕ್ಷೇಮವಾಗಿದ್ದೇವೆ’ ಅಂತ ಬರೆಯುವುದು ವಾಡಿಕೆ, ಬರೆದರೆ ಸುಳ್ಳಾಗುತ್ತದೆ. ಬುಧವಾರ ಕಾವಲಿನ ಅಹವಾಲು ಸಭೆ ಮುಗಿದ ಕೂಡಲೇ ಬರೆಯಬೇಕಿತ್ತು, ತಡವಾಯಿತು, ಕ್ಷಮಿಸು. ಅವತ್ತೇ ಬರೆದಿದ್ದರೆ ಕಾಗದದ ತುಂಬ ಬೈಗುಳ ಬಿಟ್ಟು ಬೇರೇನೂ ಇರುತ್ತಿರಲಿಲ್ಲ. ನೀನು ಫೋನು ಎತ್ತುವುದಿಲ್ಲ. ಮೆಸೇಜು ಹಾಕಿದರೆ ಎರಡು ನೀಲಿ ಗೀಟು ಬೀಳುತ್ತವೆ, ಅಲ್ಲಿಗೆ ಮುಗೀತು. ಹಿರಿಯೂರಿಂದ ದುರ್ಗಕ್ಕೆ ಒಂದು ತಾಸಿನ ಬಸ್ಸು. ನಾನೇ ಹತ್ತಿ ಬಂದು ನಿನ್ನ ಆಫೀಸಿನ ಬಾಗಿಲಲ್ಲಿ ಕೂತುಬಿಡಬಹುದು. ಎಷ್ಟು ಆಫೀಸುಗಳ ಬಾಗಿಲಲ್ಲಿ ಕೂತಿಲ್ಲ. ಆದರೆ ಸ್ವಂತ ತಮ್ಮನ ಆಫೀಸಿನ ಮುಂದೆ ಧರಣಿ ಕೂರುವುದು ಹೇಗೆ ಅಂತ ನನಗೆ ಹೋರಾಟದ ಯಾವ ಶಿಬಿರದಲ್ಲೂ ಹೇಳಿಕೊಡಲಿಲ್ಲ. ಅದಕ್ಕೇ ಈ ಕಾಗದ.

ಆ ಒಂದು ಸಾಲು ಏನು ಮಾಡಿದೆ ಅಂತ ನಿನಗೆ ಗೊತ್ತಿರಬೇಕು, ಆದರೂ ಹೇಳುತ್ತೇನೆ. ಅದೇ ಸಾಲನ್ನು ಹಿಡಿದು ಕಾವಲನ್ನು ‘ವನ್ಯಜೀವಿ ಇಲ್ಲದ ಬಂಜರು’ ಅಂತ ಬರೆದಿದ್ದಾರೆ. ಬಂಜರು ಅಂದಮೇಲೆ ಸೋಲಾರ್ ಕಂಪನಿಗೆ ಕೊಡಲು ಯಾರ ಅಡ್ಡಿಯೂ ಇಲ್ಲ. ಗಡಿಕಲ್ಲು ಆಗಲೇ ನೆಟ್ಟಿದ್ದಾರೆ. ತಂತಿಬೇಲಿಯ ಸುರುಳಿಗಳು ರಸ್ತೆಬದಿಯಲ್ಲಿ ಬಿದ್ದಿವೆ. ತೋಳ ಇದೆ ಅಂತ ನೀನು ಬರೆದಿದ್ದರೆ ಕಾನೂನು ಅಡ್ಡ ಬರುತ್ತಿತ್ತು, ಬೇರೆ ಇಲಾಖೆ ಬರುತ್ತಿತ್ತು, ಇಷ್ಟು ಸಲೀಸಾಗಿ ಬೇಲಿ ಬರುತ್ತಿರಲಿಲ್ಲ. ಹಟ್ಟಿಯ ಕುರಿಗಳಿಗೆಲ್ಲ ಇರುವುದು ಅದೊಂದೇ ಕಾವಲು. ಮೂಡಲಗಿರಿಯಪ್ಪ ಮಾವ ಮೊನ್ನೆ ನಕ್ಕೊಂಡು ಹೇಳಿದ, “ಹುಟ್ಟಿದಾಗಿಂದ ಕಲ್ಲು ಹೊಡ್ದು ಓಡ್ಸಿದ್ವಿ ಕಣವ್ವ ಅವನನ್ನ. ಈಗ ಬಾರಪ್ಪ, ನಮ್ಮ ಕಡೆ ಸಾಕ್ಷಿ ಹೇಳು ಅಂತ ಕೈ ಮುಗಿಯೋ ಕಾಲ ಬಂತು.”

‘ಅವನನ್ನ’ ಅಂದ, ನೋಡು. ಹೆಸರು ಹೇಳಲಿಲ್ಲ. ನಮ್ಮ ಹಟ್ಟಿಯಲ್ಲಿ ಯಾರೂ ಹೇಳುವುದಿಲ್ಲ. ಹೆಸರು ಹಿಡಿದು ಕರೆದರೆ ಕರೆದವರ ಕುರಿರೊಪ್ಪಕ್ಕೇ ಬರುತ್ತದೆ ಅಂತ. ಅದಕ್ಕೇ ‘ದೊಡ್ಡಪ್ಪ’. ಅಪ್ಪನ ಅಣ್ಣ ಇದ್ದ ಹಾಗೆ, ಜಮೀನಿನಲ್ಲಿ ಅವನಿಗೂ ಪಾಲಿದೆ, ಕೇಳದೆ ಬಂದು ಎತ್ತಿಕೊಂಡು ಹೋಗುತ್ತಾನೆ, ಜಗಳ ಆಡಬಹುದು, ಸಂಬಂಧ ಕಡಿಯಲಾಗದು. ನೀನು ಸಣ್ಣವನಿದ್ದಾಗ ಇಸ್ಕೂಲಲ್ಲಿ ‘ತ’ ಅಕ್ಷರಕ್ಕೆ ಅದೇ ಪದ ಕಲಿತು ಬಂದು, ಹೊತ್ತು ಮುಳುಗುವಾಗ ಹೊಸ್ತಿಲಲ್ಲಿ ನಿಂತು ಕೂಗಿದ್ದೆ. ಅವ್ವ ಓಡಿ ಬಂದು ನಿನ್ನ ಬಾಯಿ ಮುಚ್ಚಿದಳು. ಒಲೆಯ ಬೂದಿ ತಂದು ನಾಲಗೆಗೆ ಸವರಿದಳು. ನೀನು ಥೂ ಥೂ ಅಂತ ಉಗುಳುತ್ತಾ ಹಟ್ಟಿ ತುಂಬ ಓಡಾಡಿದೆ. ಅಪ್ಪ ನಗುತ್ತಾ ಕೂತಿದ್ದ. ಇದು ನಿನಗೆ ಮರೆತಿದ್ದರೆ ನೀನು ಮರೆಯದೇ ಇರುವುದು ಏನೂ ಇಲ್ಲ.

ಈಗ ನಿನ್ನ ವರದಿಗೆ ಬರುತ್ತೇನೆ. ಆ ಎರಡು ಹಾಳೆಯನ್ನು ಫೋನಿನಲ್ಲಿ ಫೋಟೋ ತೆಗೆದುಕೊಂಡು ಬಂದು, ಹಟ್ಟಿಯ ಕಟ್ಟೆ ಮೇಲೆ ಕೂತು ನಾನೇ ಓದಿದೆ. ಹೊಸದುರ್ಗದ ಗುಡ್ಡದಲ್ಲಿ ಕರಡಿ ಇದೆ ಅಂತ ಬರೆದಿದ್ದೀಯ. ಬಿ.ದುರ್ಗದ ಕಡೆ ನವಿಲನ್ನೂ ಲೆಕ್ಕ ಹಿಡಿದಿದ್ದೀಯ. ಹಿರೇಗುಂಟನೂರು ಕಡೆ ಬೋರಿನ ನೀರು ಎಷ್ಟು ಕೆಳಗೆ ಇಳಿದಿದೆ ಅಂತ ನಿನ್ನ ಜೊತೆಯವರು ಸರಿಯಾಗೇ ಬರೆದಿದ್ದಾರೆ. ಕಲ್ಲಿನ ಜಾತಿ, ಮಣ್ಣಿನ ಬಣ್ಣ, ಎಲ್ಲ ಇದೆ. ನಮ್ಮ ಕಾವಲಿಗೆ ಬಂದಾಗ: ತೋಳ ಇಲ್ಲ, ವಿಚಾರಿಸಿದ ಕುರಿಗಾಹಿಗಳೆಲ್ಲರೂ ಇಲ್ಲ ಎಂದಿದ್ದಾರೆ. ಅದರ ಕೆಳಗೆ ಇನ್ನೊಂದು ಸಾಲು: ಕುರಿ ನಷ್ಟಕ್ಕೆ ಕಾರಣ ರೋಗ, ಕಳ್ಳತನ, ಮತ್ತು ದಾಯಾದಿ ಕಲಹ.

ದಾಯಾದಿ ಕಲಹ ಅಂತ ಓದಿದ್ದೇ ತಡ ಕಟ್ಟೆ ಮೇಲಿದ್ದವರೆಲ್ಲ ಮುಖ ಮುಖ ನೋಡಿಕೊಂಡರು. “ಯಾರ ಮನೆಯಾಗೆ ಕಲಹ?” ಅಂತ ಮಾವ ಕೇಳಿದ. ಆಮೇಲೆ ಅವನಿಗೇ ಹೊಳೆದು, ಹೊಟ್ಟೆ ಹಿಡಕೊಂಡು ನಕ್ಕ. ಮೋನಿಕಾ ಮನೆ ಮನೆಗೆ ಬಂದು “ತೋಳ ಇದೆಯಾ?” ಅಂತ ಕೇಳಿದ್ದಾಳೆ. ಇವರು ಬೆಚ್ಚಿಬಿದ್ದು “ಇಲ್ಲ ಇಲ್ಲ, ಬಿಡ್ತು ಅನ್ನವ್ವ” ಅಂದಿದ್ದಾರೆ. “ಮತ್ತೆ ಕುರಿ ಹೇಗೆ ಕಮ್ಮಿಯಾದವು?” ಅಂದರೆ “ದೊಡ್ಡಪ್ಪ ತಗಂಡೋದ” ಅಂದಿದ್ದಾರೆ. ನಮ್ಮ ಅವ್ವನೂ ಅದನ್ನೇ ಹೇಳಿದ್ದಾಳೆ: “ದೊಡ್ಡಪ್ಪ ಬರ್ತಿರ್ತಾನೆ ಕಣವ್ವ. ಚಳಿಗಾಲದಾಗೆ ಸಂಸಾರ ಸಮೇತ ಬರ್ತಾನೆ. ಏನು ಮಾಡಾದು, ಅವನ ಪಾಲು.” ಗಂಡನ ಹೆಸರು ಕೇಳಿದರೆ ಸಣ್ಣಪ್ಪ. ಸಣ್ಣಪ್ಪನಿಗೆ ಒಬ್ಬ ಅಣ್ಣ ದೊಡ್ಡಪ್ಪ ಇದ್ದಾನೆ, ತಮ್ಮ ಸತ್ತ ಮೇಲೆ ಅವನ ಹೆಂಡತಿಯ ಕುರಿ ಕದಿಯುತ್ತಾನೆ, ಅಂತ ಆ ಪೇಟೆಯ ಹುಡುಗಿ ಬರೆದುಕೊಂಡಿದ್ದಾಳೆ. ಅವಳ ತಪ್ಪೇನು? ಅವಳು ಕಾಲೇಜಿನಲ್ಲಿ ತೋಳದ ಹಲ್ಲು ಎಷ್ಟು ಅಂತ ಓದಿರಬಹುದು, ತೋಳ ನಮಗೆ ಏನಾಗಬೇಕು ಅಂತ ಎಲ್ಲಿ ಓದಬೇಕು?

ಆ ತಪ್ಪು ನಿನ್ನ ಮೇಜಿನ ಮೇಲೆ ನಿಲ್ಲಬೇಕಿತ್ತು. ಅಲ್ಲಿ ಕೂತವನು ಅದೇ ಹಟ್ಟಿಯವನು.

ಆಗಸ್ಟಿನಲ್ಲಿ ಒಂದೇ ಒಂದು ಸಲ ಫೋನು ಎತ್ತಿದ್ದೆಯಲ್ಲ, ಆಗ ನೀನು ಹೇಳಿದ್ದು ನನಗೆ ನೆನಪಿದೆ. ವಿಜ್ಞಾನ ಹಟ್ಟಿಯ ನಂಬಿಕೆ ಮೇಲೆ ನಡೆಯಲ್ಲ ಅಕ್ಕ, ಪುರಾವೆ ಬೇಕು, ಅಂದೆ. ನನಗೆ ಪಾಠ ಹೇಳಬೇಡ. ಮೂಢನಂಬಿಕೆ ವಿರುದ್ಧದ ಜಾಥಾದಲ್ಲಿ ಬೋರ್ಡು ಹೊತ್ತು ಹಿರಿಯೂರಿಂದ ಹೊಳಲ್ಕೆರೆವರೆಗೆ ನಡೆದವಳು ನಾನು. ಆಗ ನನ್ನ ಬ್ಯಾಗು ಹಿಡಿದು ಹಿಂದೆ ಬರುತ್ತಿದ್ದವನು ನೀನು. ವಿಜ್ಞಾನದ ಮೇಲೆ ನನಗೆ ಸಿಟ್ಟಿಲ್ಲ. ಹುಡುಕದೇ ಇಲ್ಲ ಅನ್ನುವುದು ವಿಜ್ಞಾನ ಅಲ್ಲ, ಅದು ಗುತ್ತಿಗೆ ಕೆಲಸ. ಪುರಾವೆ ಬೇಕಿದ್ದರೆ ದೊಣೆ ಹತ್ತಿರ ಬಾ, ಉಣ್ಣೆ ಕೂದಲು ತುಂಬಿದ ಬಿಳಿ ಹೇಲು ಬಿದ್ದಿರುತ್ತದೆ. ಚೀಲಕ್ಕೆ ಹಾಕಿಕೊಂಡು ಹೋಗು. ಟಾರು ರಸ್ತೆಯಲ್ಲಿ ಲಾರಿಯ ಫೋಟೋ ತೆಗೆದು ತೋಳ ಇಲ್ಲ ಅಂದರೆ, ನಾಳೆ ಕಾವಲಿನಲ್ಲಿ ಫೋಟೋ ತೆಗೆದು ಲಾರಿಯೇ ಇಲ್ಲ ಅಂತಲೂ ಬರೆಯಬಹುದು.

ಇಷ್ಟಾದರೂ ಸಭೆಗೆ ಬರುತ್ತೀಯ ಅಂತ ಅಂದುಕೊಂಡಿದ್ದೆ. ಅವ್ವ ಅಂದುಕೊಂಡಿದ್ದಳು ಅನ್ನುವುದು ಸರಿ. ಬೆಳಿಗ್ಗೆಯೇ ಎದ್ದು ಸಜ್ಜೆ ರೊಟ್ಟಿ ತಟ್ಟಿ, ಬಟ್ಟೆಯಲ್ಲಿ ಕಟ್ಟಿಕೊಂಡು ಬಂದಿದ್ದಳು. ದುರ್ಗದ ಬಸ್ಸು ಬಂದಾಗಲೆಲ್ಲ ಸಮುದಾಯ ಭವನದ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದಳು. ಬಸ್ಸಿಂದ ಇಳಿದವರೆಲ್ಲ ಕಂಪನಿಯ ಕಡೆಯವರು.

ಸಭೆ ಹೀಗೆ ನಡೆಯಿತು. ಮೇಲಿಂದ ಬಂದಿದ್ದ ಸಾಹೇಬರು ಕೆಟ್ಟವರೇನಲ್ಲ. ವರದಿಯಲ್ಲಿ ಇಲ್ಲ ಅಂತಿದೆ, ನೀವು ಇದೆ ಅಂತೀರಿ, ಹೇಳಿ, ಬರೆದುಕೊಳ್ಳುತ್ತೇನೆ, ಅಂದರು. ನಾನು ಎದ್ದು ನಿಂತು ತೋಳ ಇದೆ ಅಂದೆ. ನೀವು ಕುರಿ ಕಾಯ್ತೀರಾ ಅಂತ ಕೇಳಿದರು. ಇಲ್ಲ, ಟೈಪಿಂಗ್ ಅಂಗಡಿ ಅಂದೆ. ಹಾಗಾದರೆ ಕುರಿ ಕಾಯುವವರು ಹೇಳಲಿ ಅಂದರು. ಮಾವ ಎದ್ದ.

“ಕಾವಲಿನಲ್ಲಿ ತೋಳ ಇದೆಯಾ?”

“ಐತೆ ಸ್ವಾಮಿ.”

“ಏನು ಐತೆ?”

“ನೀವು ಅಂದ್ರಲ್ಲ, ಅದೇ.”

“ನಾನು ಅಂದಿದ್ದಲ್ಲ, ನೀವು ಹೇಳಬೇಕು. ಹೆಸರು ಹೇಳಿ.”

“ಹೆಸ್ರು ನಿಮ್ಮ ಬಾಯಾಗೆ ಬಂದೈತಲ್ಲ ಸ್ವಾಮಿ, ನಿಮಗೆ ಕುರಿ ಇಲ್ಲ, ನಡೀತೈತೆ. ನಮ್ಮ ಬಾಯಾಗೆ ಬಂದ್ರೆ ರೊಪ್ಪಕ್ಕೆ ಬರ್ತಾನೆ.”

ಇಡೀ ಸಭೆ ನಕ್ಕಿತು. ಸಾಹೇಬರೂ ನಕ್ಕರು. ಆದರೆ ಬರೆಯುವ ಕ್ಲಾರ್ಕು ಪೆನ್ನು ಕೆಳಗಿಟ್ಟ. ಒಬ್ಬರಾದ ಮೇಲೆ ಒಬ್ಬರು ಎದ್ದರು, ‘ಅವನು’ ಅಂದರು, ‘ದೊಡ್ಡಪ್ಪ’ ಅಂದರು, ಕೂತರು. ಪೆನ್ನು ಏಳಲಿಲ್ಲ. ನಾನು ನಡುವೆ ನಿಂತು ಬೇಯುತ್ತಿದ್ದೆ. ಇದು ಮೂಢನಂಬಿಕೆ, ಬಾಯಿ ಬಿಟ್ಟು ಹೇಳ್ರಿ, ಭೂಮಿ ಹೋಗುತ್ತದೆ, ಅಂತ ಕೂಗಬೇಕು ಅನ್ನಿಸಿತು. ಕೂಗಲಿಲ್ಲ. ಭೂಮಿ ಉಳಿಸಿಕೊಳ್ಳಲು ಇವರು ಇವರಾಗಿರುವುದನ್ನು ಬಿಡಬೇಕು ಅನ್ನುವುದಾದರೆ, ಕಂಪನಿಯವನು ಕೇಳುವುದೂ ಅದನ್ನೇ ಅಲ್ಲವೇ?

ಆಗ ಹಿಂದಿನ ಸಾಲಿಂದ, ಬಿಳಿ ಅಂಗಿಯ ಒಬ್ಬ ಕುಳಿತಲ್ಲಿಂದಲೇ ಅಂದ: ಇವರ ಹಟ್ಟಿಯ ಹುಡುಗನೇ ಬರೆದ ವರದಿ ಸಾರ್, ಡಾಕ್ಟ್ರು ಓಬಳೇಶ್, ಮನೆ ಮಗನೇ ಇಲ್ಲ ಅಂದಮೇಲೆ ಇವರದು ಏನು ನಾಟಕ. ಇನ್ನೊಬ್ಬ, ನಮ್ಮ ಕಡೆಯವನೇ, ಸಿಟ್ಟಿಗೆ ತಿರುಗಿಬಿದ್ದು, ಅವನು ಕಂಪನಿ ಹತ್ರ ತಿಂದವ್ನೆ, ಅದಕ್ಕೇ ಹಂಗೆ ಬರ್ದವ್ನೆ, ಅಂದ.

ಅವ್ವ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೇಜಿನ ಹತ್ತಿರಕ್ಕೆ ಹೋದಳು. ಕ್ಲಾರ್ಕಿಗೆ “ಪೆನ್ನು ತಗಳಪ್ಪ” ಅಂದಳು. ಆಮೇಲೆ ಹೇಳಿದಳು:

“ತೋಳ ಐತೆ. ತೋಳ. ಬರ್ಕಳ್ರಿ, ಉಚ್ಚಂಗೆಮ್ಮ ಹೇಳಿದ್ಲು ಅಂತ. ನನ್ನ ಮಗ ಸುಳ್ಳು ಬರ್ದಿಲ್ಲ. ನಾವು ಬಾಯಿ ಬಿಡ್ಲಿಲ್ಲ, ಅವನಿಗೆ ಹೆಂಗೆ ಗೊತ್ತಾಗ್ಬೇಕು?”

ಮಾವ ಕಂಬಳಿ ತಲೆಮೇಲೆ ಎಳೆದುಕೊಂಡ. ಹೆಂಗಸರು ಮಕ್ಕಳ ಕಿವಿ ಮುಚ್ಚಿದರು. ಅವ್ವ ವಾಪಸು ಬಂದು ನನ್ನ ಪಕ್ಕ ಕೂತು, ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ಅವಳ ಇನ್ನೊಂದು ಕೈ ಹಿಡಿದುಕೊಂಡೆ.

ಮನೆಗೆ ಬಂದವಳೇ ಒಲೆಯಿಂದ ಬೂದಿ ತೆಗೆದು ನಾಲಗೆಗೆ ಹಾಕಿಕೊಂಡಳು. ಹಟ್ಟಿಯ ಕಟ್ಟಳೆ ನಿನಗೆ ಗೊತ್ತು. ಹೆಸರು ಹೇಳಿದವರ ಕುರಿ ಅಮಾವಾಸ್ಯೆ ಕಳೆಯುವವರೆಗೆ ಎಲ್ಲರ ಜೊತೆ ರೊಪ್ಪ ಸೇರುವಂತಿಲ್ಲ. ಅವ್ವನ ಕುರಿಗಳನ್ನು ಹಟ್ಟಿಯ ಹೊರಗೆ, ಜಾಲಿಮುಳ್ಳು ಜೋಡಿಸಿ ಕೂಡಿದ್ದಾರೆ. ಅವಳೂ ಅಲ್ಲೇ ಮಲಗುತ್ತಾಳೆ. ಯಾರೂ ಬೈದಿಲ್ಲ, ಯಾರೂ ಹತ್ತಿರ ಬಂದೂ ಇಲ್ಲ. ಮಾವ ಮಾತ್ರ, ಕಟ್ಟಳೆ ಕಟ್ಟಳೆಯೇ ಕಣವ್ವ, ಆದ್ರೆ ನಾಯಿಗೆ ಕಟ್ಟಳೆ ಇಲ್ಲ ನೋಡು, ಅಂತ ತನ್ನ ಕರಿನಾಯಿಯನ್ನು ಅವಳ ಕಡೆ ಅಟ್ಟಿದ್ದಾನೆ.

ನಾಳೆ ಪೋಸ್ಟಿಗೆ ಹಾಕುತ್ತೇನೆ.

ಬುಧವಾರ, ೧೯ ನವೆಂಬರ್

ಹಾಕಲಿಲ್ಲ. ಸೋಮವಾರ ಬೆಳಕು ಹರಿಯುವ ಹೊತ್ತಿಗೆ ಮಾವನ ಫೋನು ಬಂತು, ಎದ್ದು ಓಡಿದೆ. ಅದಕ್ಕೇ ಇದು ಇನ್ನೂ ತಡ.

ದೊಡ್ಡಪ್ಪ ಬಂದಿದ್ದ. ಜಾಲಿಮುಳ್ಳು ಹಾರಿ, ಅವ್ವನ ಕುರಿಯನ್ನೇ ತೆಗೆದುಕೊಂಡು ಹೋಗಿದ್ದ. ಕಿವಿಯ ತುದಿ ಸೀಳಿದ್ದ ಆ ಬಿಳಿ ಕುರಿ, ಗಬ್ಬವಾಗಿತ್ತು. ನಾಯಿ ಅಟ್ಟಿಸಿಕೊಂಡು ದೊಣೆವರೆಗೂ ಹೋಗಿ ಕುಂಟುತ್ತಾ ವಾಪಸು ಬಂದಿದೆ. ಹಟ್ಟಿಯವರೆಲ್ಲ ದೂರದಲ್ಲಿ ನಿಂತು ನೋಡುತ್ತಿದ್ದರು. ಅವರ ಮುಖದಲ್ಲಿ ಏನಿತ್ತು ಅಂತ ನಿನಗೆ ಬರೆಯಬೇಕಿಲ್ಲ. ಹೆಸರು ಕರೆದಳು, ಬಂದ. ಹತ್ತು ಜಾಥಾ ಮಾಡಿದರೂ ಇನ್ನು ಈ ಹಟ್ಟಿಯಲ್ಲಿ ನನ್ನ ಮಾತು ನಡೆಯುವುದಿಲ್ಲ. ಹೊರಗೆ ಒಂಟಿಯಾಗಿ ಕೂಡಿದ ಮಂದೆಗೆ ತೋಳ ಬರದೆ ಇನ್ನೇನು ಬರುತ್ತದೆ ಅಂತ ನಾನು ಹೇಳಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಅವ್ವ ಅಳುತ್ತಿರಬಹುದು ಅಂದುಕೊಂಡು ಹೋದರೆ, ಅವಳು ಉಳಿದ ಕುರಿಗಳ ಕಾಲು ಸವರುತ್ತಾ ಕೂತಿದ್ದಾಳೆ. ನನ್ನ ನೋಡಿ ಅಂದಳು, “ಕರ್ದಿದ್ದೆ, ಬಂದ. ಕರ್ದ ಮೇಲೆ ಉಣ್ಣಾಕೆ ಇಕ್ದೆ ಕಳ್ಸಾಕೆ ಆಗ್ತೈತಾ?”

ನಾನೂ ಪಕ್ಕದಲ್ಲಿ ಕೂತು ಇನ್ನೊಂದು ಕುರಿಯ ಕಾಲು ಸವರಿದೆ.

ಮಾವ ಹತ್ತಿರ ಬರಲಿಲ್ಲ. ಆದರೆ ದೊಣೆಯ ಕೆಸರಲ್ಲಿ ಹೆಜ್ಜೆ ಕಂಡ ಕಡೆಯೆಲ್ಲ ಪುಟ್ಟಿ ಬೋರಲು ಹಾಕಿ, ಗಾಳಿಗೆ ಅಳಿಯದ ಹಾಗೆ ಕಲ್ಲಿಟ್ಟು ಹೋಗಿದ್ದ. ನಾನು ಮೋನಿಕಾಗೆ ಫೋನು ಮಾಡಿದೆ. ಪಂಚಾಯಿತಿ ಗೋಡೆಯ ಹಾಳೆ ಓದಿದ ಸಿಟ್ಟಿನಲ್ಲಿ ಹಿಂದೊಮ್ಮೆ ಅವಳಿಗೆ ಫೋನಿನಲ್ಲೇ ಬಾಯಿಗೆ ಬಂದ ಹಾಗೆ ಬೈದಿದ್ದೆ. ಆದರೂ ಮೊದಲನೇ ಬಸ್ಸಿಗೆ ಬಂದಳು. ನಿಮ್ಮ ಕೆಲಸ ಬಿಟ್ಟಿದ್ದಾಳಂತೆ, ನಿನಗೆ ಗೊತ್ತಿರುತ್ತದೆ. ಹೆಜ್ಜೆಯ ಪಕ್ಕ ಅಳತೆಪಟ್ಟಿ ಇಟ್ಟು ಫೋಟೋ ತೆಗೆದಳು. ನಾನು ಹೇಳಿದ ಬಿಳಿ ಹೇಲನ್ನು ಮೂಗು ಮುಚ್ಚದೆ ಕವರಿಗೆ ತುಂಬಿದಳು. ತನ್ನ ಸ್ವಂತ ಕ್ಯಾಮೆರಾವನ್ನು ದೊಣೆಯ ಮೇಲಿನ ತುಗ್ಗಲಿ ಗಿಡಕ್ಕೆ ಕಟ್ಟಿದಳು. ಮಂಗಳವಾರ ಬೆಳಿಗ್ಗೆ ಅದರಲ್ಲಿ ನೋಡಿದರೆ ನೀರು ಕುಡಿಯುತ್ತಾ ನಿಂತಿದ್ದಾನೆ. ಮೈ ಬಣ್ಣ ಒಣಹುಲ್ಲಿನದೇ, ಕಣ್ಣು ಮಾತ್ರ ನೇರ ನಮ್ಮ ಕಡೆ. ಅವನ ಹಿಂದೆ ಹುಲ್ಲಿನಲ್ಲಿ ಇನ್ನೆರಡು ಕಿವಿ. ಸಂಸಾರ ಸಮೇತ.

ಫೋಟೋ ತಗೊಂಡು ಸಾಹೇಬರ ಹತ್ತಿರ ಹೋದೆವು. ದೊಡ್ಡದು ಮಾಡಿ ನೋಡಿದರು. ಆಮೇಲೆ ಅಂದರು: ಇದು ಕರೇಗುಡ್ಡದ ಕಾವಲೇ ಅಂತ ಕಂಪನಿ ಒಪ್ಪುವುದಿಲ್ಲಮ್ಮ, ಫೋಟೋ ಯಾರು ಬೇಕಾದರೂ ತರುತ್ತಾರೆ. ನಿಮ್ಮ ತಾಯಿ ಹೇಳಿದ್ದು ಬರೆದುಕೊಂಡಿದ್ದೇನೆ, ಆದರೆ ಒಬ್ಬರ ಹೇಳಿಕೆ ಎದುರು ಸಂಸ್ಥೆಯ ವರದಿ ನಿಂತಿದೆ. ವರದಿ ಬರೆದವರು ಖುದ್ದಾಗಿ ಬಂದು, ನಮ್ಮ ಮುಂದೆ ತಿದ್ದುಪಡಿಗೆ ಸಹಿ ಹಾಕಿದರೆ ನಾನು ಕಡತವನ್ನು ವಾಪಸು ಕಳಿಸಬಹುದು. ಇನ್ನೊಂದು ಸಭೆ ಕೊಡುತ್ತೇನೆ, ಅದೇ ಕೊನೆ.

ಕೇಳಿಸಿತಾ ಓಬಳೇಶ? ಹೆಜ್ಜೆ ಇದೆ, ಹೇಲು ಇದೆ, ಫೋಟೋ ಇದೆ, ನಿನ್ನನ್ನು ಹೆತ್ತವಳು ಬೂದಿ ತಿಂದು ಹೇಳಿದ ಮಾತು ಇದೆ. ಇಲ್ಲದೇ ಇರುವುದು ನಿನ್ನ ಸಹಿ ಒಂದು. ನೀನು ಕೇಳಿದ ಪುರಾವೆ ಎಲ್ಲ ನಿನ್ನ ಪುಸ್ತಕದ ಪ್ರಕಾರವೇ ತಂದಿಟ್ಟಿದ್ದೇವೆ. ಇನ್ನು ನಿನ್ನ ಹತ್ತಿರ ಹೇಳಲು ಏನು ಉಳಿದಿದೆ?

ನಿನ್ನ ಕೆಲಸ ಇನ್ನೂ ಕಾಯಂ ಆಗಿಲ್ಲ ಅನ್ನುವುದು ನನಗೆ ಗೊತ್ತು. ವರದಿ ತಿದ್ದಿದವನನ್ನು ನಿಮ್ಮ ಸಂಸ್ಥೆ ತಲೆಮೇಲೆ ಹೊತ್ತುಕೊಳ್ಳುವುದಿಲ್ಲ ಅನ್ನುವುದೂ ಗೊತ್ತು. ಅದನ್ನು ಸಣ್ಣದು ಅಂತ ನಾನು ಅನ್ನುವುದಿಲ್ಲ. ನೀನು ಅಲ್ಲಿಗೆ ಹೇಗೆ ತಲುಪಿದೆ ಅಂತ ನೋಡಿದವಳು ನಾನು. ಹಾಸ್ಟೆಲಿನ ಹುಳದ ಅನ್ನದ ತಟ್ಟೆ ಹಿಡಿದು ಹೆದ್ದಾರಿಯಲ್ಲಿ ಕೂತಿದ್ದೆವಲ್ಲ, ಅವತ್ತು ಪೊಲೀಸಿನವನು ನನ್ನ ಜಡೆ ಹಿಡಿದಾಗ ನೀನು ಅವನ ಕೈ ಕಚ್ಚಿದ್ದೆ. ಆ ಹಲ್ಲು ಎಲ್ಲಿ ಹೋದವು ಅಂತ ಕೇಳುತ್ತಿದ್ದೇನೆ, ಅಷ್ಟೆ. ಕೆಲಸ ಹೋದರೆ ಇನ್ನೊಂದು ಹುಡುಕಬಹುದು, ನನ್ನ ಅಂಗಡಿಯಲ್ಲಿ ಇನ್ನೊಂದು ಕುರ್ಚಿಗೆ ಜಾಗ ಇದೆ. ಕಾವಲಿಗೆ ಬೇಲಿ ಬಿದ್ದರೆ ದೊಡ್ಡಪ್ಪ ಎಲ್ಲಿಗೆ ಹೋಗಬೇಕು? ಹಟ್ಟಿ ಎಲ್ಲಿಗೆ ಹೋಗಬೇಕು?

ನಾಳೆ ಅಮಾವಾಸ್ಯೆ. ನಾಡಿದ್ದು ಅವ್ವನ ಕುರಿ ರೊಪ್ಪಕ್ಕೆ ವಾಪಸು ಸೇರುತ್ತವೆ. ಮಾವ ಆಗಲೇ ಎಲ್ಲರ ಹತ್ತಿರ ಮಾತಾಡಿ ಒಪ್ಪಿಸಿದ್ದಾನೆ. ಕಾಳಕ್ಕನ ಮಗಳು ಕಾವ್ಯಶ್ರೀ ನರ್ಸಿಂಗ್ ಸೇರಿದಳು, ದುರ್ಗದಲ್ಲೇ, ಭಾನುವಾರ ಹೋಗಿ ಮಾತಾಡಿಸು ಅಂತ ಅವ್ವ ಹೇಳಿದ್ದಾಳೆ. ಈ ಸಲದ ಉಣ್ಣೆಯಲ್ಲಿ ನಿನಗೆ ಒಂದು ಕಂಬಳಿ ನೇಯಿಸಿಟ್ಟಿದ್ದಾಳೆ, ಅಂಚಿಗೆ ಬಿಳಿ ಪಟ್ಟೆ. ಆ ಬಿಳಿ, ಹೋದ ಕುರಿಯದೇ. ಹೊತ್ತಿಗೆ ಸರಿಯಾಗಿ ಉಣ್ಣು, ಬೈಕಿನಲ್ಲಿ ಜೋರಾಗಿ ಹೋಗಬೇಡ, ಇದೂ ಅವಳ ಮಾತೇ. ನಿನಗೆ ಒಳ್ಳೆಯದಾಗಲಿ ಅಂತ ಗುಡ್ಡದ ಕಡೆ ಕೈ ಮುಗಿದಳು, ಅದನ್ನೂ ಬರಿ ಅಂದಳು, ಬರೆದಿದ್ದೇನೆ.

ಕೊನೆಗೆ ‘ಹೋರಾಟದ ವಂದನೆಗಳೊಂದಿಗೆ’ ಅಂತ ಕೈ ತಾನಾಗಿ ಬರೆದುಬಿಟ್ಟಿತ್ತು. ತಮ್ಮನಿಗೆ ಬರೆಯುವ ಮಾತಲ್ಲ ಅಂತ ಹೊಡೆದುಹಾಕಿದ್ದೇನೆ. ಚೆನ್ನಾಗಿರು.

ನಿನ್ನ ಅಕ್ಕ,
ಯಶೋಧಾ

ತಾ.ಕ.: ಕವರಿಗೆ ಅಂಟು ಹಚ್ಚಿದ ಮೇಲೆ ಮತ್ತೆ ಬಿಚ್ಚಿದೆ. ಇದನ್ನು ಬರೆಯಬಾರದು ಅಂತಲೇ ಮೇಲಿನದೆಲ್ಲ ಬರೆದಿದ್ದು.

ಮೋನಿಕಾ ವಾಪಸು ಹೋಗುವಾಗ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಕೈ ಹಿಡಿದುಕೊಂಡು ಒಂದು ವಿಷಯ ಹೇಳಿದಳು. ಅವಳು ಅವ್ವನ ಮಾತನ್ನು ಫೋನಿನಲ್ಲಿ ರೆಕಾರ್ಡು ಮಾಡಿಕೊಂಡಿದ್ದಳಂತೆ. ಅವ್ವ ಕೊನೆಗೆ ಹೀಗೆ ಅಂದಿದ್ದಾಳೆ: “ದೊಡ್ಡಪ್ಪ ಯಾರು ಅಂತ ನಮ್ಮ ಓಬಳೇಶನ್ನ ಕೇಳವ್ವ. ಅವನಿಗೆ ಗೊತ್ತೈತಲ್ಲ.” ಮೋನಿಕಾಗೆ ಅನುಮಾನ ಬಂದು ಅದನ್ನು ನಿನ್ನ ಮೇಜಿನ ಹತ್ತಿರ ತಂದು ಹಾಕಿ ಕೇಳಿಸಿದ್ದಾಳೆ. ಸರ್, ಈ ಅಜ್ಜಿ ನಿಮ್ಮ ಹೆಸರು ಹೇಳ್ತಾರಲ್ಲ, ನಿಮಗೆ ಇವರು ಗೊತ್ತಾ, ಅಂತ ಕೇಳಿದ್ದಾಳೆ. ನೀನು ಪೂರ್ತಿ ಕೇಳಿಸಿಕೊಂಡೆಯಂತೆ. ಇನ್ನೊಂದು ಸಲ ಹಾಕು ಅಂದೆಯಂತೆ. ಆಮೇಲೆ “ಗೊತ್ತಿಲ್ಲ” ಅಂದೆಯಂತೆ.

ಅವಳು ಗೊತ್ತೈತಲ್ಲ ಅಂದಳು. ನೀನು ಗೊತ್ತಿಲ್ಲ ಅಂದೆ.

ತೋಳ ಇಲ್ಲ ಅಂತ ಬರೆದವನ ಜೊತೆ ಜಗಳ ಆಡುವುದು ನನಗೆ ಬರುತ್ತದೆ. ಅವ್ವನ ದನಿ ಕೇಳಿ ಗೊತ್ತಿಲ್ಲ ಅಂದವನ ಜೊತೆ ಏನು ಮಾಡಬೇಕು ಅಂತ ಗೊತ್ತಾಗದೆ ನಿನ್ನೆಯಿಂದ ಅಂಗಡಿ ತೆಗೆದಿಲ್ಲ. ಅವಳಿಗೆ ಇದನ್ನು ಹೇಳಿಲ್ಲ, ಹೇಳುವುದೂ ಇಲ್ಲ. ‘ಅವನಿಗೆ ಹೆಂಗೆ ಗೊತ್ತಾಗ್ಬೇಕು’ ಅಂತ ಇಡೀ ಸಭೆಯ ಮುಂದೆ ನಿನ್ನ ಪರವಾಗಿ ನಿಂತಳಲ್ಲ, ಆ ಮಾತನ್ನು ಅವಳಿಂದ ಕಿತ್ತುಕೊಳ್ಳಲು ನನ್ನ ಕೈಲಾಗದು.

ಈ ಸಲವೂ ರೊಟ್ಟಿ ಕಟ್ಟಿಕೊಂಡು ಬರುತ್ತಾಳೆ, ಎದುರು ಸಾಲಿನಲ್ಲೇ ಕೂರುತ್ತಾಳೆ. ಸಾಹೇಬರು ಹೇಳಿಕೆ ಓದುವಾಗ ಅವಳ ಕಡೆ ಕೈ ತೋರಿಸಿ, ಉಚ್ಚಂಗೆಮ್ಮ ಅಂದರೆ ಇವರು, ಇವರು ನಿಮಗೆ ಗೊತ್ತಾ, ಅಂತ ನಿನ್ನನ್ನು ಕೇಳುತ್ತಾರೆ. ಬಂದು ಉತ್ತರ ಹೇಳು.

ಜವನಗೊಂಡನಹಳ್ಳಿ ಸಮುದಾಯ ಭವನ. ಬುಧವಾರ, ನವೆಂಬರ್ ೨೬, ಬೆಳಿಗ್ಗೆ ಹನ್ನೊಂದು ಗಂಟೆ.